ಕಿಣ್ವ, ನಾಡಿ ಮತ್ತು ಪಾರ್ಶ್ವವಾಯು

ಕಿಣ್ವವೆಂಬ ಮಾತು ನಮ್ಮ ವಿಜ್ಞಾನದ ಪಠ್ಯಪುಸ್ತಕಗಳಿಗಿಂತ ಬಹಳ ಹಳೆಯದು. ಮದ್ಯವನ್ನು ಹುಳಿಸಲು ಬೆರೆಸುವ ದ್ರವ್ಯಕ್ಕೆ ಸಂಸ್ಕೃತದಲ್ಲಿ ಈ ಹೆಸರು. ಕಿಣ್ವಾದಿಗಳ ಯೋಗದಿಂದ ಮದಶಕ್ತಿಯು ಹುಟ್ಟುವಂತೆ ಭೂತಗಳ ಯೋಗದಿಂದ ಚೈತನ್ಯವು ಹುಟ್ಟುವುದೆಂದು ಚಾರ್ವಾಕರು ವಾದಿಸಿದುದು ದರ್ಶನಗಳನ್ನೋದಿದವರಿಗೆಲ್ಲ ತಿಳಿದ ಸಂಗತಿ. ಜರ್ಮನಿಯ ವಿಲ್‌ಹೆಲ್ಮ್ ಕ್ಯೂನೆ ಎಂಬ ಪಂಡಿತನು 1870ರ ದಶಕದಲ್ಲಿ ‘ಎನ್‌ಜೈಮ್’ ಎಂಬ ಪದವನ್ನು ಟಂಕಿಸಿದಾಗ ಅವನು ಆಶ್ರಯಿಸಿದುದೂ ಹುದುಗನ್ನು ಸೂಚಿಸುವ ಗ್ರೀಕ್ ಶಬ್ದವನ್ನೇ. ಆದುದರಿಂದ ನಮ್ಮವರು ಅದಕ್ಕೆ ಕಿಣ್ವವೆಂದು ಹೆಸರಿಟ್ಟುದು ಅತ್ಯಂತ ಉಚಿತವಾಗಿದೆ. ಎಲ್ಲ ಪಾರಿಭಾಷಿಕ ಪದಗಳಿಗೂ ಇಂಥ ಭಾಗ್ಯ ಒದಗಲಿಲ್ಲವೆಂಬುದು ಬೇರೆ ಮಾತು.

ವ್ಯಾಕರಣ, ಅಲಂಕಾರಗಳಲ್ಲಿ ಆಯುಷ್ಯ ಕಳೆದ ನನಗೆ ರಕ್ತಪರೀಕ್ಷೆಯ ವಿಷಯದಲ್ಲಿ ಏನು ಕೆಲಸವೆಂದು ವಿದ್ಯಾರ್ಥಿಮಿತ್ರರು ಕೇಳಬಹುದು. ನನ್ನ ಹಿರಿಯಣ್ಣನವರ ದೆಸೆಯಿಂದ ಈ ಅಧ್ಯಯನ ನನ್ನ ಪಾಲಿಗೆ ಬಂದಿತು. ಒಕ್ಕಲುತನದ ಗಟ್ಟಿ ಮೈಯ ಅವರು ಎಪ್ಪತ್ತನ್ನು ದಾಟಿದ ಮೇಲೆ ಆಗಾಗ್ಗೆ “ಎದೆಯೊಳಗೆ ಹಕ್ಕಿ ರೆಕ್ಕೆ ಬಡಿದಂತಾಗುತ್ತದಪ್ಪಾ” ಎನ್ನತೊಡಗಿದರು. ಪೇಟೆಯಲ್ಲಿ ರಕ್ತ ಕೊಟ್ಟು ಪರೀಕ್ಷಿಸಿಕೊಂಡು ಬಂದೆವು. ಹೃದಯದ ಕಿಣ್ವಗಳೆಲ್ಲ ಮಿತಿಯೊಳಗಿವೆಯೆಂದು ವರದಿಯಲ್ಲಿ ಅಚ್ಚಾಗಿತ್ತು. ಅದನ್ನು ಓದಿ ಹೇಳಿದವನು ನಾನೇ. “ಅಣ್ಣಾ, ಏನೂ ಇಲ್ಲ, ನಿಶ್ಚಿಂತೆಯಿಂದಿರು” ಎಂದವನೂ ನಾನೇ. ಅವರ ಮುಂಗೈ ಹಿಡಿದು ನಾಡಿ ನೋಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ.

ಹೃದಯದಲ್ಲಿ ನಾಲ್ಕು ಕೋಣೆಗಳುಂಟು. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಕರ್ಣವೆಂದರೆ ಕಿವಿ, ಲ್ಯಾಟಿನ್ನಿನಲ್ಲಿಯೂ ಅದಕ್ಕೆ ಪುಟ್ಟ ಕಿವಿಯೆಂಬ ಅರ್ಥದ ಹೆಸರೇ ಇದೆ. ಹೃತ್ಕರ್ಣಕ್ಕೆ ಕಿವಿಯ ಹಾಲೆಯಂಥ ಒಂದು ಚೀಲವು ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಆರೋಗ್ಯದಲ್ಲಿ ಮೇಲಿನ ಕೋಣೆಗಳು ಒಮ್ಮೆಗೆ ಮುದುಡಿ ರಕ್ತವನ್ನು ಕೆಳಕ್ಕೆ ನೂಕುತ್ತವೆ. ಹೃತ್ಕರ್ಣಕಂಪನವೆಂಬ ವ್ಯಾಧಿಯಲ್ಲಿ ಅವು ಮುದುಡುವುದನ್ನು ಬಿಟ್ಟು ನಿಮಿಷಕ್ಕೆ 350ರಿಂದ 600 ಸಲ ಬರಿದೇ ನಡುಗುತ್ತವೆ. ಈ ಅಸಂಖ್ಯ ಪ್ರೇರಣೆಗಳಲ್ಲಿ ಕೆಲವು ಮಾತ್ರ ಕೆಳಗಿನ ಕೋಣೆಗಳಿಗೆ ಇಳಿಯುವುದರಿಂದ ನಾಡಿಯು ತಾಳವೇ ಇಲ್ಲದ ಮದ್ದಲೆಯಂತೆ ನುಡಿಯುತ್ತದೆ. ನಿಂತು ನಿಂತು ನಡೆಯುವ ನಾಡಿಯು ಪ್ರಾಣಾಂತಕವೆಂದು ಶಾರ್ಙ್ಗಧರಸಂಹಿತೆಯು ಎಚ್ಚರಿಸಿದೆ. ಆ ಗ್ರಂಥಕಾರನು ಈ ರೋಗವನ್ನೇ ಕುರಿತು ಹೇಳಿದನೆಂದು ನಾನು ಸಾಧಿಸಹೊರಟಿಲ್ಲ. ಮೂರು ಬೆರಳುಗಳಿಂದ ತಿಳಿಯಬಹುದಾದುದನ್ನು ನಮ್ಮ ಹಿರಿಯರು ಅಲಕ್ಷಿಸಲಿಲ್ಲವೆಂದಷ್ಟೇ ಹೇಳುತ್ತೇನೆ. 1906ರಲ್ಲಿ ಹಾಲೆಂಡಿನ ಐಂತೋವನ್ ಎಂಬ ವಿದ್ವಾಂಸನು ತನ್ನ ವಿದ್ಯುದ್ಯಂತ್ರದಿಂದ ಈ ತಾಳತಪ್ಪನ್ನು ಗೆರೆಗಳಲ್ಲಿ ಮೂಡಿಸಿ ಪ್ರಕಟಿಸಿದನು. ಇ.ಸಿ.ಜಿ. ಎಂದು ನಾವಿಂದು ಕರೆಯುವುದು ಆ ಯಂತ್ರದ ಸಂತತಿಯನ್ನೇ.

ಹರಿಯದ ನೀರು ಪಾಚಿಗಟ್ಟುವುದನ್ನು ಕೆರೆಯ ಮೂಲೆಯಲ್ಲಿ ಯಾರೂ ಕಾಣಬಹುದು. ನಡುಗುವ ಎಡ ಹೃತ್ಕರ್ಣದ ಆ ಚೀಲದಲ್ಲಿ ರಕ್ತವು ಮಡುಗಟ್ಟಿ ಹೆಪ್ಪಾಗುತ್ತದೆ. ಅದರ ಒಂದು ತುಣುಕು ಕಳಚಿ, ಪ್ರವಾಹದೊಡನೆ ಮೇಲೇರಿ, ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡಾಗ ಪಾರ್ಶ್ವವಾಯು ಬಡಿಯುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ನಿವಾಸಿಗಳನ್ನು 1948ರಿಂದ ಅನುಸರಿಸಿ ನೋಡುತ್ತ ಬಂದ ವೈದ್ಯರು 1991ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಈ ಕಂಪನವುಳ್ಳವರಿಗೆ ಪಾರ್ಶ್ವವಾಯುವಿನ ಭಯವು ಇತರರಿಗಿಂತ ಸುಮಾರು ಐದು ಪಟ್ಟು ಅಧಿಕ. ಐವತ್ತರ ಪ್ರಾಯದವರ ಪಾರ್ಶ್ವವಾಯುಗಳಲ್ಲಿ ಇದರ ಪಾಲು ನೂರಕ್ಕೆ ಒಂದೂವರೆಯಷ್ಟಿದ್ದರೆ, ಎಂಬತ್ತರ ಪ್ರಾಯದವರಲ್ಲಿ ಅದು ಇಪ್ಪತ್ತಮೂರನ್ನು ಮೀರುತ್ತದೆ.

ಹಾಗಾದರೆ ರಕ್ತದ ವರದಿ ಸುಳ್ಳು ಹೇಳಿತೆ? ಇಲ್ಲ. ಸುಳ್ಳಾದುದು ನಮ್ಮ ಅನುಮಾನ. ಹೃದಯದ ಮಾಂಸವು ಸತ್ತಾಗ ಜೀವಕೋಶಗಳೊಡೆದು ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಎಸ್‌.ಜಿ.ಓ.ಟಿ. ಎಂಬ ಕಿಣ್ವವು ಹೃದಯಾಘಾತದಲ್ಲಿ ಏರುವುದೆಂದು 1954ರಲ್ಲಿ ತಿಳಿದುಬಂದಿತು. ಇಂದು ಅದರ ಸ್ಥಾನವನ್ನು ಟ್ರೋಪೋನಿನ್ ಆಕ್ರಮಿಸಿದೆ. ಇದನ್ನು ವಾಡಿಕೆಯಲ್ಲಿ ಕಿಣ್ವಗಳ ಸಾಲಿಗೆ ಸೇರಿಸಿದರೂ ಇದು ಕಿಣ್ವವಲ್ಲ, ಸ್ನಾಯುವಿನ ಒಂದು ಪ್ರೋಟೀನು. ಹೊಗೆಯಿರುವಲ್ಲಿ ಬೆಂಕಿಯುಂಟೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಹೊಗೆಯಿಲ್ಲದಿದ್ದರೆ ಬೆಂಕಿಯೂ ಇಲ್ಲವೆಂದರೆ ಆಚಾರ್ಯರು ಕಾಯ್ದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ: ಅಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೃತ್ಕರ್ಣಕಂಪನವು ಅನೇಕ ವೇಳೆ ಆ ಕಬ್ಬಿಣದ ಗುಂಡಿನಂತೆ. ಮಾಂಸವು ಸತ್ತಿರುವುದಿಲ್ಲ, ಕಿಣ್ವವು ಸೋರಿರುವುದಿಲ್ಲ, ತಾಳ ಮಾತ್ರ ತಪ್ಪಿರುತ್ತದೆ. ಇನ್ನು ಆವಿಯನ್ನು ಹೊಗೆಯೆಂದು ಭ್ರಮಿಸುವುದೂ ಉಂಟು, ಎಸ್‌.ಜಿ.ಓ.ಟಿ.ಯು ಯಕೃತ್ತಿನಿಂದಲೂ ಸೋರಬಲ್ಲುದು. ಯಕೃತ್ತಿನ ಕಿಣ್ವಗಳು ಏರಿದವರಲ್ಲಿ ಮುಂದೆ ಈ ಕಂಪನವು ಹೆಚ್ಚಾಗಿ ಕಂಡಿತೆಂದು ಫ್ರೇಮಿಂಗ್‌ಹ್ಯಾಮಿನವರೇ 2013ರಲ್ಲಿ ಬರೆದಿದ್ದಾರೆ. ಆದರೆ ಮದ್ಯಪಾನವೂ ದುರ್ಬಲ ಹೃದಯವೂ ಎರಡನ್ನೂ ಕೆಡಿಸುವುದರಿಂದ, ಕಿಣ್ವವೇ ಕಾರಣವೆನ್ನುವಂತಿಲ್ಲ. ಈಗಾಗಲೇ ಕಂಪನವುಳ್ಳವರಲ್ಲಿ ಟ್ರೋಪೋನಿನ್ ಏರಿದ್ದರೆ ಪಾರ್ಶ್ವವಾಯುವಿನ ಸಂಭವವು ಹೆಚ್ಚೆಂಬುದು 2012ರ ಬಳಿಕ ದೃಢಪಟ್ಟಿದೆ. ಆದರೂ ವೈದ್ಯರು ನಿತ್ಯ ಬಳಸುವ ಅಂಕಗಣನೆಯಲ್ಲಿ ರಕ್ತದ ಯಾವ ಅಂಶವೂ ಇಲ್ಲ. 75 ವರ್ಷ ತುಂಬಿದ್ದರೆ ಎರಡಂಕ, 65 ತುಂಬಿದ್ದರೆ ಒಂದು. ಹಿಂದೆ ಪಾರ್ಶ್ವವಾಯು ಬಡಿದಿದ್ದರೆ ಎರಡು. ರಕ್ತದೊತ್ತಡ, ಮಧುಮೇಹ, ಹೃದಯದೌರ್ಬಲ್ಯ, ರಕ್ತನಾಳಗಳ ರೋಗ ಇವಕ್ಕೆ ಒಂದೊಂದು. ಅಣ್ಣನವರಿಗೆ ವಯಸ್ಸಿನದೂ ರಕ್ತದೊತ್ತಡದ್ದೂ ಸೇರಿ ಎರಡಂಕ ಮೊದಲೇ ಇದ್ದವು. ಆಗಲೇ ಕಂಪನವು ಪತ್ತೆಯಾಗಿದ್ದರೆ ಔಷಧಿಯೂ ಆಗಲೇ ಆರಂಭವಾಗಬಹುದಿತ್ತು.

ಐದು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಅವರ ಬಲಗೈ ಜೋತುಬಿದ್ದಿತು, ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ಗಾಳಿ ಹೊಡೆದಿದೆಯೆಂದು ಮನೆಯವರು ಎಣ್ಣೆ ತಿಕ್ಕಿಸಲು ಪಕ್ಕದೂರಿಗೆ ಒಯ್ದರು. ದೊಡ್ಡ ಆಸ್ಪತ್ರೆಯನ್ನು ಮುಟ್ಟುವಾಗ ಏಳು ಗಂಟೆಗಳ ಕಾಲ ಸಂದಿತ್ತು. ಹೆಪ್ಪನ್ನು ಕರಗಿಸುವ ಆಲ್ಟೆಪ್ಲೇಸ್ ಎಂಬ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಸೋಜಿಗವೆಂದರೆ ಆ ಔಷಧಿಯೂ ಒಂದು ಕಿಣ್ವವೇ. ರಕ್ತದಲ್ಲಿ ಮಲಗಿರುವ ಇನ್ನೊಂದು ಕಿಣ್ವವನ್ನೆಬ್ಬಿಸಿ ಅದರಿಂದ ಹೆಪ್ಪನ್ನು ಕಡಿಸುತ್ತದೆ. ಹೆಪ್ಪುಗಟ್ಟಿಸುವುದೂ ಥ್ರಾಂಬಿನ್ ಎಂಬ ಕಿಣ್ವವೇ. ಕಟ್ಟುವವನೂ ಕಡಿಯುವವನೂ ಒಂದೇ ಕುಲದವರು!

ಹೆಪ್ಪುಗಟ್ಟದಂತೆ ತಡೆಯುವ ಔಷಧಿಗಳಲ್ಲಿ ಹಳೆಯದು ವಾರ್ಫರಿನ್. ಕೆಟ್ಟ ಸಿಹಿಮೇವನ್ನು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದುದರ ಮರ್ಮವನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಅರಸಿದಾಗ ದೊರೆತ ವಸ್ತುವಿನ ಸಂತತಿ ಇದು. 1948ರಲ್ಲಿ ಇಲಿಪಾಷಾಣವಾಗಿ ಮಾರಾಟಕ್ಕೆ ಬಂದು, 1954ರಲ್ಲಿ ಮನುಷ್ಯರಿಗೆ ಮದ್ದಾಯಿತು. ಕಂಪನದ ರೋಗಿಗಳಲ್ಲಿ ಇದು ಪಾರ್ಶ್ವವಾಯುವನ್ನು ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ತಗ್ಗಿಸುತ್ತದೆ. ಆದರೆ ರಕ್ತವನ್ನು ಪದೇ ಪದೇ ಪರೀಕ್ಷಿಸಿ ಪ್ರಮಾಣವನ್ನು ಸರಿಪಡಿಸಬೇಕು. 2010ರಿಂದೀಚೆಗೆ ಬಂದ ಹೊಸ ಗುಳಿಗೆಗಳು ಥ್ರಾಂಬಿನ್ನನ್ನಾಗಲಿ, ಅದಕ್ಕೂ ಮುನ್ನಿನ ಕಿಣ್ವವನ್ನಾಗಲಿ ನೇರವಾಗಿ ತಡೆಯುತ್ತವೆ. ಅವಕ್ಕೆ ಆ ಕಾಟವಿಲ್ಲ. ಬಾಲ್ಯದ ಕೀಲುವಾತಜ್ವರದಿಂದ ಹೃದಯದ ಕವಾಟವು ಕಿರಿದಾದವರಿಗೆ ಮಾತ್ರ ಹಳೆಯ ವರ್ಗದ ಔಷಧಿಯೇ ಮೇಲೆಂದು 24 ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಇವಾವುವನ್ನೂ ವೈದ್ಯರ ಮಾತಿಲ್ಲದೆ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಸಲ್ಲದು. ರಕ್ತಸ್ರಾವದ ಅಪಾಯವು ಎಲ್ಲಕ್ಕೂ ಉಂಟು.

ಅಣ್ಣನವರಿಗೆ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯಲ್ಲಿ ಕಂಪನವು ಮೊದಲ ನೋಟಕ್ಕೇ ಕಂಡಿತು. ಈಗ ಅವರು ಕೋಲೂರಿ ಅಂಗಳದವರೆಗೆ ನಡೆಯುತ್ತಾರೆ. ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುತ್ತಾರೆ. ನನ್ನ ಹೆಸರನ್ನು ಹೇಳಲು ಬಾರದಿದ್ದರೂ ಊರಿಗೆ ಹೋದಾಗಲೆಲ್ಲ ತಾವಾಗಿಯೇ ಎಡಗೈಯನ್ನು ನನ್ನ ಮುಂದೆ ಚಾಚುತ್ತಾರೆ. ನಾನು ಮೂರು ಬೆರಳಿಟ್ಟು ಒಂದು ನಿಮಿಷ ಎಣಿಸುತ್ತೇನೆ.