ನಿಂತಲ್ಲಿ ಆಗುವ ಸೋರಿಕೆ

ರಾಮನಗುಳಿಯಿಂದ ಹುಬ್ಬಳ್ಳಿಯ ಕಡೆಗೆ ಹೊರಟವನು ಗುಳ್ಳಾಪುರವನ್ನು ದಾಟಿ ಕೊಂಚ ದೂರ ಹೋಗುವಷ್ಟರಲ್ಲಿ ಅರಬೈಲ್ ಘಟ್ಟದ ಬುಡಕ್ಕೆ ಬಂದಿರುತ್ತಾನೆ. ಹಿಂದೆ 63ನೆಯದೆಂದೂ ಈಗ 52ನೆಯದೆಂದೂ ಗಣನೆಗೊಂಡಿರುವ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ, ಭಾರ ಹೊತ್ತು ತೆವಳುವ ಲಾರಿಗಳ ಹಿಂದೆ, ಮುಂದೆ ಹೋಗಲು ಎಡೆಯೂ ಇಲ್ಲದೆ, ಎಡೆ ದೊರೆತಾಗ ಗಾಡಿಗೆ ಕಸುವೂ ಸಾಲದೆ, ಎರಡನೆಯ ಗೇರಿನಲ್ಲಿ ಘಟ್ಟವೇರಿದ ವರ್ಷಗಳು ನನ್ನ ಪಾಲಿಗೆ ಅನೇಕ. ಶಾಲೆಯ ಸೇವೆಯಿಂದ ನಿವೃತ್ತನಾಗಿ ಒಂದಿಷ್ಟು ಹಣ ಒಟ್ಟಾಗಿ ಕೈಗೆ ಬಂದ ಕಾಲದಲ್ಲಿ, ಪರಿಚಯದ ತರುಣನೊಬ್ಬನು ನನ್ನ ಹಳೆಯ ಪೆಟ್ರೋಲ್ ಕಾರಿಗೆ ದೊಡ್ಡ ಥ್ರಾಟಲ್ ಬಾಡಿಯನ್ನು ಕೂಡಿಸಿದರೆ ಪಿಕಪ್ಪು ಹೆಚ್ಚುವುದೆಂದು ಹೇಳಿದಾಗ, ಆ ಮಾತು ನನ್ನ ಮನಸ್ಸಿಗೆ ಸುಲಭವಾಗಿ ಇಳಿಯಿತು. ವಸ್ತುವಿನ ಬೆಲೆ 13,500 ರೂಪಾಯಿ, ಕೂಡಿಸಿದ ಕೂಲಿ 2,000. ಒಟ್ಟು 15,500 ರೂಪಾಯಿಯನ್ನು ಖರ್ಚಿನ ಪುಸ್ತಕದಲ್ಲಿ ಬರೆದು, ಲೆಕ್ಕ ಮುಗಿಯಿತೆಂದು ಕೆಳಗೆ ಗೆರೆ ಎಳೆದೆನು.

ಥ್ರಾಟಲ್ ಬಾಡಿಯೆಂಬುದು ಎಂಜಿನ್ನಿಗೆ ಹೋಗುವ ಗಾಳಿಯ ಹೆಬ್ಬಾಗಿಲು. ಏರ್ ಫಿಲ್ಟರನ್ನು ದಾಟಿ ಬಂದ ಗಾಳಿ ಈ ಲೋಹದ ಕೊಳವೆಯ ಮೂಲಕವೇ ಒಳಗೆ ಹೋಗಬೇಕು. ನಾವು ಎಕ್ಸಲರೇಟರನ್ನು ತುಳಿದಂತೆ ಕೊಳವೆಯೊಳಗಿನ ದುಂಡನೆಯ ತಗಡು ತಿರುಗಿ ದಾರಿ ಬಿಡುತ್ತದೆ, ಕಾಲು ತೆಗೆದರೆ ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಿಕೊಂಡಾಗಲೂ ಎಂಜಿನ್ ಆರಿಹೋಗದಂತೆ, ಪಕ್ಕದ ಸಣ್ಣದೊಂದು ಹಾದಿಯಿಂದ ಬೇಕಾದಷ್ಟೇ ಗಾಳಿಯನ್ನು ಅಳೆದು ಬಿಡುವ ಕವಾಟವೊಂದುಂಟು. ಅದನ್ನು ನಡೆಸುವುದು ಕಾರಿನ ಗಣಕ. ನಿಂತ ಗಾಡಿಯ ಈ ಮಂದಗತಿಗೇ ಐಡಲ್ ಎಂದು ಹೆಸರು. ನನ್ನ ಕಾರಿನ ಮೂಲ ಕೊಳವೆಯ ವ್ಯಾಸ 46 ಮಿಲಿಮೀಟರ್, ಹೊಸದರದು 50. ವ್ಯಾಸದಲ್ಲಿ ಹೆಚ್ಚಿದುದು ನಾಲ್ಕೇ ಮಿಲಿಮೀಟರಾದರೂ, ವಿಸ್ತೀರ್ಣವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಬಾಗಿಲು ನೂರಕ್ಕೆ ಹದಿನೆಂಟರಷ್ಟು ಹಿರಿದಾಯಿತು.

ಮೊದಲ ವಾರ ಘಟ್ಟದಲ್ಲಿ ಗಾಡಿ ಚುರುಕಾದಂತೆ ತೋರಿದುದು ನಿಜ. ಆದರೆ ನಿಂತಲ್ಲಿ ಅದಕ್ಕೆ ನೆಮ್ಮದಿಯಿಲ್ಲದಾಯಿತು. 750ರ ಸುಮಾರಿನಲ್ಲಿ ಸ್ಥಿರವಾಗಿರಬೇಕಾದ ಆರ್‌ಪಿಎಂ ಮುಳ್ಳು ಒಮ್ಮೆ 1,500ಕ್ಕೆ ಏರುವುದು, ಮರುಕ್ಷಣ 600ಕ್ಕೆ ಕುಸಿಯುವುದು. ಏದುಸಿರು ಬಿಡುವ ಮುದುಕನಂತೆ ಗಾಡಿ ನಿಂತಲ್ಲೇ ಏರಿಳಿಯುವುದು. ಅಂಕೋಲೆಯ ಪೇಟೆಯಲ್ಲಿ ಎ.ಸಿ. ಹಾಕಿದರೆ ಒಮ್ಮೊಮ್ಮೆ ಆಫೇ ಆಗುವುದು. ಮಳೆಗಾಲದ ಒಂದು ಸಂಜೆ ಸುಂಕಸಾಳದ ಬಳಿ ಹಾಗೆ ನಿಂತದ್ದು ಮತ್ತೆ ಏಳಲಿಲ್ಲ. ಬೇರೆ ಗಾಡಿಯ ಮೇಲೆ ಹೇರಿಸಿ ತರಬೇಕಾಯಿತು.

ಅನಂತರದ ಮೂರು ತಿಂಗಳ ಲೆಕ್ಕವನ್ನು ಪುಸ್ತಕದಲ್ಲಿರುವಂತೆಯೇ ಇಲ್ಲಿ ಇಡುತ್ತೇನೆ. ನಾಲ್ಕು ಸ್ಪಾರ್ಕ್ ಪ್ಲಗ್ಗಿಗೆ 1,400, ಹೊಸ ಬ್ಯಾಟರಿಗೆ 4,900, ಪೆಟ್ರೋಲ್ ಪಂಪು ಬಿಚ್ಚಿ ತೊಳೆಸಿದುದಕ್ಕೆ 1,200, ಸೆನ್ಸರೊಂದಕ್ಕೆ 3,300, ಸ್ಕ್ಯಾನರು ಹಾಕಿಸಿದುದಕ್ಕೆ ಎರಡು ಸಲ ಕೂಡಿ 1,200, ಗಾಡಿ ಹೊತ್ತು ತಂದ ಬಾಡಿಗೆ 3,500. ಕೂಡಿದರೆ 15,500. ವಸ್ತುವಿಗೂ ಕೂಲಿಗೂ ಕೂಡಿ ಎಷ್ಟು ಕೊಟ್ಟಿದ್ದೆನೋ ಅಷ್ಟನ್ನೇ ಅದರಿಂದುಂಟಾದ ದೋಷವನ್ನು ಹುಡುಕುವುದಕ್ಕೂ ಕೊಟ್ಟಿದ್ದೆನು. ದೋಷ ಮಾತ್ರ ಇದ್ದಲ್ಲಿಯೇ ಇದ್ದಿತು. ಪ್ರತಿಯೊಂದು ಸಲವೂ ಯಾವುದೋ ಒಂದು ಭಾಗವನ್ನು ಊಹೆಯಿಂದ ಬದಲಿಸಿದೆವಲ್ಲದೆ, ಆ ಊಹೆಯನ್ನು ಮೊದಲು ಪರೀಕ್ಷಿಸಿ ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಕಡೆಗೆ ಗಾಡಿಯನ್ನು ನೋಡಿದವನು ಅಂಕೋಲೆಯ ಹಳೆಯ ಮೆಕ್ಯಾನಿಕ್ಕನೊಬ್ಬ. ಕಾರ್ಬುರೇಟರಿನ ಕಾಲದಿಂದ ಕೈ ಪಳಗಿಸಿಕೊಂಡವನು. ಅವನು ಸ್ಕ್ಯಾನರನ್ನೂ ಕೇಳಲಿಲ್ಲ, ಸ್ಪ್ಯಾನರನ್ನೂ ಮುಟ್ಟಲಿಲ್ಲ. ಎಂಜಿನ್ನನ್ನು ಚಾಲೂ ಮಾಡಿಸಿ, ಬಾನೆಟ್ಟಿನ ಮೇಲೆ ಬಾಗಿ, ಬಹಳ ಹೊತ್ತು ಕಿವಿಗೊಟ್ಟನು. ಬಳಿಕ ಸಾಬೂನು ಕದಡಿದ ನೀರನ್ನು ಒಂದು ಚೊಂಬಿನಲ್ಲಿ ತರಿಸಿ, ಬಟ್ಟೆಯ ತುದಿಯನ್ನು ಅದರಲ್ಲಿ ಅದ್ದಿ, ಥ್ರಾಟಲ್ ಬಾಡಿಯು, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡಿಗೆ ಕೂಡುವ ಸಂದಿಯ ಗುಂಟ ಹನಿಹನಿಯಾಗಿ ಹಿಂಡುತ್ತ ಬಂದನು. ಮೂರು ಪಕ್ಕಗಳಲ್ಲಿ ಏನೂ ಆಗಲಿಲ್ಲ. ನಾಲ್ಕನೆಯ ಪಕ್ಕದ ಕೆಳಮೂಲೆಗೆ ನೀರು ತಾಗಿದೊಡನೆ, ಅದುವರೆಗೆ ಏರಿಳಿಯುತ್ತಿದ್ದ ಸದ್ದು ಒಂದು ಉಸಿರಿನಷ್ಟು ಕಾಲ ತಗ್ಗಿ ಸಮವಾಯಿತು. ನೊರೆಯನ್ನು ಸಂದಿ ಸರ್ರನೆ ಒಳಗೆ ಸೆಳೆದುಕೊಂಡಿತು. ಸದ್ದು ಮತ್ತೆ ಏರಿತು.

“ಮಾಸ್ತರ್ರೇ, ಎಂಜಿನ್ನಿಗೆ ಏನೂ ಆಗಲಿಲ್ಲ. ಗಾಳಿ ಕಳ್ಳದಾರಿ ಹಿಡಿದದೆ,” ಎಂದನು.

ಬಿಚ್ಚಿ ನೋಡಿದರೆ, ಸಣ್ಣ ಕೊಳವೆಗಾಗಿ ಮಾಡಿದ ಹಳೆಯ ಪ್ಯಾಕಿಂಗನ್ನೇ ದೊಡ್ಡ ಕೊಳವೆಗೆ ಕತ್ತರಿಸಿ ಹಾಕಿದ್ದರು. ಒಂದು ಮೂಲೆಯಲ್ಲಿ ಅದು ಒಳಕ್ಕೆ ಸರಿದು ಸಂದಿ ಬಿಟ್ಟಿತ್ತು. ಅಷ್ಟೇ ಅಲ್ಲದೆ, ಗಾಡಿ ಆಫಾಗುವುದನ್ನು ತಪ್ಪಿಸಲು ಯಾರೋ ಒಬ್ಬರು ತಗಡನ್ನು ತಡೆಯುವ ಸ್ಕ್ರೂವನ್ನು ತಿರುವಿ ಅದು ಪೂರ್ತಿ ಮುಚ್ಚದಂತೆ ಮಾಡಿದ್ದರು. ತಗಡು ಮುಚ್ಚಿದೆಯೆಂಬ ಸಂಕೇತ ದೊರೆಯದ ಹೊರತು ಗಣಕವು ಐಡಲಿನ ಪಾಲನೆಯನ್ನು ವಹಿಸಿಕೊಳ್ಳುವುದಿಲ್ಲ, ಆದುದರಿಂದ ಎ.ಸಿ.ಯ ಭಾರ ಬಿದ್ದಾಗ ಎಂಜಿನ್ನಿಗೆ ನೆರವಾಗುವವರೇ ಇಲ್ಲದಾಗಿತ್ತು. ಒಂದು ದೋಷವನ್ನು ಅಡಗಿಸಹೋಗಿ ಇನ್ನೊಂದನ್ನು ಹುಟ್ಟಿಸಿದಂತಾಗಿತ್ತು. “ಹಳೇದು ಇಟ್ಕಂಡೀರಾ?” ಎಂದು ಅವನು ಕೇಳಿದನು. ಮನೆಯ ಅಟ್ಟದ ಮೇಲೆ ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟಿದ್ದೆನು. ಮರುದಿನ ಅದನ್ನೇ ತಂದು ಕೂಡಿಸಿದೆವು. ಹೊಸ ಪ್ಯಾಕಿಂಗಿಗೆ 80 ರೂಪಾಯಿ, ಕೂಲಿ 500. ಮುಳ್ಳು 750ರಲ್ಲಿ ನಿಂತಿತು.

ಆ ರಾತ್ರಿ ಕಾಗದ ಹಿಡಿದು ಒಂದು ಲೆಕ್ಕ ಹಾಕಿದೆನು. 1,200 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಎಂಜಿನ್ ಐಡಲಿನಲ್ಲಿ ನಿಮಿಷಕ್ಕೆ ಎಳೆದುಕೊಳ್ಳುವ ಹೊರಗಿನ ಗಾಳಿ ಸ್ಥೂಲವಾಗಿ 150 ಲೀಟರು; ಘಟ್ಟದಲ್ಲಿ ಪೂರ್ಣ ತುಳಿದಾಗ ಎರಡು ಸಾವಿರ ಲೀಟರಿಗೂ ಮೇಲೆ. ಎರಡು ಮಿಲಿಮೀಟರಿನ ಒಂದು ರಂಧ್ರ, ಒಳಗಿನ ನಿರ್ವಾತದ ಸೆಳೆತಕ್ಕೆ, ಐಡಲಿನಲ್ಲಿ ನಿಮಿಷಕ್ಕೆ ಮೂವತ್ತು ಲೀಟರಿನಷ್ಟು ಗಾಳಿಯನ್ನು ಒಳಬಿಡಬಲ್ಲುದು. ನಿಂತಾಗ ಅದು ಐದರಲ್ಲಿ ಒಂದು ಪಾಲು. ಓಡುವಾಗ ಲೆಕ್ಕಕ್ಕೇ ಸಿಕ್ಕುವುದಿಲ್ಲ. ಘಟ್ಟದಲ್ಲಿ ಸೊಗಸಾಗಿ ಓಡಿದ ಗಾಡಿ ಪೇಟೆಯಲ್ಲಿ ನಿಂತೊಡನೆ ಉಸಿರುಗಟ್ಟಿದುದರ ಕಾರಣ ಇದು.

ಈ ಅಂಕಣವನ್ನು ಬರೆಯಲು ನನ್ನನ್ನು ಪ್ರೇರಿಸಿದುದು ಐದರಲ್ಲಿ ಒಂದೆಂಬ ಈ ಅಂಕಿ. ಮೂವತ್ತು ವರ್ಷ ಸಂಬಳ ಓಡುತ್ತಿದ್ದ ಕಾಲದಲ್ಲಿ ನನ್ನ ಮನೆಯಲ್ಲಿಯೂ ಇಂಥ ಸಂದಿಗಳು ಇದ್ದುವು. ಆದಾಯದ ವೇಗದಲ್ಲಿ ಅವು ಕಾಣದೆ ಹೋದುವು. ಸಂಬಳ ನಿಂತು ಪಿಂಚಣಿಯ ಮಂದಗತಿ ಬಂದಾಗ, ಅದೇ ಸಂದಿಗಳು ಆದಾಯದ ದೊಡ್ಡ ಪಾಲನ್ನು ಸೆಳೆಯತೊಡಗಿದುವು. ಅದನ್ನು ಅರಿಯದೆ ನಾನು, ಪಿಂಚಣಿ ಸಾಲದೆಂದು, ಹೆಚ್ಚು ಬಡ್ಡಿಯ ಠೇವಣಿಗಳನ್ನು ಹುಡುಕುತ್ತಿದ್ದೆನು; ಸಂದಿಯನ್ನು ಬಿಟ್ಟು ಪ್ಲಗ್ಗನ್ನೂ ಬ್ಯಾಟರಿಯನ್ನೂ ಬದಲಿಸಿದ ಹಾಗೆ. ಪಾಸ್‌ಬುಕ್ಕನ್ನು ತೆರೆದು ಒಂದೊಂದು ಸಾಲಿಗೂ ನೀರು ಹಿಂಡುತ್ತ ಬಂದೆನು. ಯಾರೂ ನೋಡದ ಟಿ.ವಿ. ಪ್ಯಾಕೇಜೊಂದು, ಬಳಸದ ಎರಡನೆಯ ಸಿಮ್ಮು, ಯಾವಾಗಲೋ ಒಪ್ಪಿಗೆ ಕೊಟ್ಟು ಮರೆತಿದ್ದ, ಪ್ರತಿವರ್ಷ ತಾನಾಗಿಯೇ ಕಡಿತವಾಗುವ ವಿಮೆಯೊಂದು, ಕನಿಷ್ಠ ಮೊತ್ತವಿಲ್ಲದುದಕ್ಕಾಗಿ ದಂಡ ತೆರುತ್ತಿದ್ದ ಹಳೆಯ ಖಾತೆಯೊಂದು: ಇವಿಷ್ಟನ್ನೂ ಮುಚ್ಚಿದ ಮೇಲೆ, ಠೇವಣಿಯನ್ನು ಬದಲಿಸದೆಯೇ ತಿಂಗಳ ಕೊನೆ ಸಮವಾಯಿತು.

ವಾಹನವನ್ನು ಮಾರ್ಪಡಿಸಬೇಕೆಂಬ ಆಸೆಯುಳ್ಳ ತರುಣರಿಗೆ ಹಣದ ದೃಷ್ಟಿಯಿಂದ ಹೇಳತಕ್ಕ ಮಾತುಗಳು ಕೆಲವುಂಟು. ವಸ್ತುವಿನ ಬೆಲೆಯಷ್ಟೇ ಮೊತ್ತವನ್ನು ಅನಂತರದ ರಿಪೇರಿಗಾಗಿ ಬೇರೆ ತೆಗೆದಿಡಲು ಸಾಧ್ಯವಾಗದಿದ್ದರೆ ಆ ಕೆಲಸಕ್ಕೆ ಕೈಹಾಕಬಾರದು. ದೋಷ ತೋರಿದಾಗ ಅತ್ಯಂತ ಅಗ್ಗದ ಪರೀಕ್ಷೆಯಿಂದ ಆರಂಭಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಡಬೇಕು. ಕಟ್ಟಕಡೆಗೆ ಬದಲಿಸಿದ ಭಾಗವೇ ಮೊಟ್ಟಮೊದಲು ಸಂಶಯಕ್ಕೆ ಪಾತ್ರವಾಗಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರ್ದೇಶಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು; ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಟಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗೆ ಸೆರೆಯನ್ನೋ ಎರಡನ್ನೂ ಒಟ್ಟಿಗೋ ವಿಧಿಸಬಹುದು. ಆದಕಾರಣ ಕೆಲಸಕ್ಕೆ ಮೊದಲೇ ಸಾರಿಗೆ ಕಚೇರಿಯನ್ನು ಕೇಳಬೇಕು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿಯನ್ನು ಪಡೆಯಬೇಕು. ಪೆಟ್ರೋಲ್ ಗಾಡಿಯ ಹೊಗೆ ತಪಾಸಣೆಯಲ್ಲಿ ವಿಷಾನಿಲವನ್ನು ಐಡಲಿನಲ್ಲಿಯೂ ಅಳೆಯುತ್ತಾರೆಂಬುದನ್ನು ಮರೆಯಬಾರದು.

ಈಗ ಅಟ್ಟದ ಮೇಲೆ ಅದೇ ವೃತ್ತಪತ್ರಿಕೆಯಲ್ಲಿ ಇರುವುದು ಆ ದೊಡ್ಡ ಥ್ರಾಟಲ್ ಬಾಡಿ. ಅರಬೈಲಿನಲ್ಲಿ ಲಾರಿಯ ಹಿಂದೆ ಎರಡನೆಯ ಗೇರಿನಲ್ಲಿಯೇ ಏರುತ್ತೇನೆ. ಅದಕ್ಕಾಗಿ ಹುಬ್ಬಳ್ಳಿಗೆ ಹೋಗುವ ದಿನ ಹತ್ತು ನಿಮಿಷ ಮೊದಲು ಮನೆ ಬಿಡುವುದನ್ನು ರೂಢಿಸಿಕೊಂಡಿದ್ದೇನೆ. ಆ ಹತ್ತು ನಿಮಿಷಕ್ಕೆ ಖರ್ಚಿನ ಪುಸ್ತಕದಲ್ಲಿ ಯಾವ ಸಾಲೂ ಬೇಕಾಗಿಲ್ಲ.