ಭಾನುವಾರದ ಪ್ರಸಾದ, ಸೋಮವಾರದ ಚೀಟಿ

ಪ್ರಶ್ನೆ: ಮುಂಡಗೋಡ ಹತ್ತಿರ ಗೋವಿನಜೋಳ ಖರೀದಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕಾಳು ಒಣಗಿದ್ದರೂ ‘ಹಸಿ ಐತಿ’ ಅಂತ ಕ್ವಿಂಟಲಿಗೆ ಎರಡು ಮೂರು ಕಿಲೊ ಮುರಿದು ಚೀಟಿ ಬರೆಯಲು ಸಾಹುಕಾರರು ಹೇಳುತ್ತಾರೆ. ಮಾಲು ತರುವವರಲ್ಲಿ ನಮ್ಮ ಚರ್ಚಿನ ಸಿದ್ದಿ ಸಮುದಾಯದವರೂ ಇದ್ದಾರೆ. ಭಾನುವಾರ ಪರಮಪ್ರಸಾದಕ್ಕೆ ಅವರ ಹಿಂದೆಯೇ ಸಾಲಿನಲ್ಲಿ ನಿಲ್ಲುತ್ತೇನೆ. ಕೆಲಸ ಬಿಡಲೇ?

ಉತ್ತರ: ಈಗಲೇ ಬೇಡ. ನಿಮ್ಮ ಮನೆಯ ಅಕ್ಕಿ ಡಬ್ಬಿಯೂ ದೇವರಿಗೆ ಕಾಣುತ್ತದೆ. ಲೂಕನ ಶುಭಸಂದೇಶದ 3ನೇ ಅಧ್ಯಾಯದಲ್ಲಿ ಸುಂಕದವರು ಸ್ನಾನಿಕ ಯೊವಾನ್ನರ ಮುಂದೆ ಬಂದು, ನಾವೇನು ಮಾಡಬೇಕೆಂದು ಕೇಳುತ್ತಾರೆ. ಸುಂಕದ ಕಟ್ಟೆ ಬಿಟ್ಟು ಕಾಡಿಗೆ ಬನ್ನಿ ಎಂದು ಅವರು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೀಳಬೇಡಿ ಎಂದರು, ಅಷ್ಟೇ. ಚಿಕ್ಕ ಕೊಳಗ, ಮೋಸದ ತಕ್ಕಡಿ ಇಟ್ಟುಕೊಂಡ ಧಾನ್ಯದ ವ್ಯಾಪಾರಿಗಳ ಮೇಲೆ ಹರಿಹಾಯ್ದ ಪ್ರವಾದಿ ಆಮೋಸನೂ ಮಠದವನಲ್ಲ. ನಮ್ಮ ಗೌಳಿಗಳಂತೆ ಮಂದೆ ಕಾಯುತ್ತಿದ್ದವನು. ಸಂತೆಯ ತೂಕ ಅವನಿಗೆ ಗೊತ್ತಿತ್ತು.

ನಿಮ್ಮ ಕೈಯಲ್ಲಿರುವುದು ಚೀಟಿ. ಸರ್ಕಾರಿ ಖರೀದಿಯಲ್ಲಿ ಗೋವಿನಜೋಳಕ್ಕೆ ತೇವಾಂಶದ ಮಿತಿ ಶೇ 14. ತೇವಾಂಶ ಅಳೆಯುವ ಯಂತ್ರದ ಅಂಕಿಯನ್ನು ರೈತನಿಗೆ ತೋರಿಸಿ, ಅದನ್ನೇ ಚೀಟಿಯ ಮೇಲೆ ಬರೆಯಿರಿ. ಕಾಳು ನಿಜವಾಗಿ ಹಸಿಯಿದ್ದರೆ ಮುರಿದುಕೊಳ್ಳುವುದು ಪಾಪವಲ್ಲ. ಅಳೆಯದೆ ಮುರಿಯುವುದು ಕಳವು. ಇದನ್ನು ಸಾಹುಕಾರರಿಗೆ ಒಬ್ಬರೇ ಇದ್ದಾಗ ಹೇಳಿ. ತಪ್ಪು ಕಂಡರೆ ಮೊದಲು ಏಕಾಂತದಲ್ಲಿ ಮಾತಾಡಬೇಕೆಂಬುದು ಮತ್ತಾಯನ 18ನೇ ಅಧ್ಯಾಯದ ಕ್ರಮ. ನಾಲ್ಕು ಜನರೆದುರು ಮರ್ಯಾದೆ ಹೋದ ಯಜಮಾನ ಸತ್ಯ ಕೇಳುವುದಿಲ್ಲ. ಆಗಲೂ ಒಪ್ಪದಿದ್ದರೆ ಸುಳ್ಳು ಅಂಕಿ ಬರೆಯುವ ಕೈ ನಿಮ್ಮದಾಗದಿರಲಿ. ಬೇರೆ ಕೆಲಸ ನೋಡಲು ಇವತ್ತಿನಿಂದಲೇ ನಾಲ್ಕು ಕಡೆ ಹೇಳಿಡಿ.

ಪ್ರಶ್ನೆ: ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುತ್ತೇನೆ. ರಾತ್ರಿ ಜಪಸರ ಹಿಡಿದರೆ ನಿದ್ದೆ. ದೇವರಿಗೆ ಕೋಪ ಬರುವುದಿಲ್ಲವೇ?

ಉತ್ತರ: ದಣಿದವಳ ನಿದ್ದೆಗೆ ಕೋಪಿಸಿಕೊಳ್ಳುವ ದೇವರನ್ನು ನಾನು ಕಾಣೆ ತಂಗಿ. ಮುಂಡಗೋಡದಲ್ಲಿ ‘ಲೊಯೋಲಾ’ ಎಂಬ ಬೋರ್ಡು ನೋಡಿರುತ್ತೀರಿ. 1540ರಲ್ಲಿ ಪೋಪರ ಮನ್ನಣೆ ಪಡೆದ ಯೇಸುಸಭೆಯ ಸ್ಥಾಪಕ, ಸಂತ ಇಗ್ನೇಷಿಯಸರ ಊರ ಹೆಸರದು. ಮಧ್ಯಾಹ್ನಕ್ಕೊಮ್ಮೆ, ರಾತ್ರಿಗೊಮ್ಮೆ ಆತ್ಮಶೋಧನೆ ಅವರ ಸಭೆಯ ರೂಢಿ. ಅದಕ್ಕೆ ಮೊಣಕಾಲೂರಬೇಕಿಲ್ಲ, ಬಸ್ಸಿನ ಸೀಟು ಸಾಕು. ಹುಬ್ಬಳ್ಳಿ ಬಿಡುವಾಗ ದಿನದಲ್ಲಿ ಸಿಕ್ಕ ಒಳ್ಳೆಯದಕ್ಕೆ ಕೃತಜ್ಞತೆ ಹೇಳಿ. ಆಮೇಲೆ ಬೆಳಗಿನಿಂದ ಒಂದೊಂದೇ ಗಿರಾಕಿಯನ್ನು ನೆನೆಯಿರಿ: ಯಾರ ಮೇಲೆ ರೇಗಿದಿರಿ, ಯಾರನ್ನು ಅವರ ಹರಿದ ಚಪ್ಪಲಿ ನೋಡಿ ಕಾಯಿಸಿದಿರಿ? ತಡಸ ದಾಟುವಷ್ಟರಲ್ಲಿ ಕ್ಷಮೆ ಕೇಳಿ, ನಾಳೆಗೆ ಒಂದೇ ಒಂದು ತಿದ್ದುಪಡಿ ಗೊತ್ತುಮಾಡಿಕೊಳ್ಳಿ. ಉಳಿದ ದಾರಿ ನಿದ್ದೆಗೆ. ಕಂಡಕ್ಟರು ಎಬ್ಬಿಸುತ್ತಾರೆ.

ಪ್ರಶ್ನೆ: ನನ್ನದು ಬೈಕ್ ಗ್ಯಾರೇಜು. ಯೇಸುಸ್ವಾಮಿಯ ಫೋಟೊ ಹಾಕಿದರೆ ಟಿಬೆಟಿಯನ್ ಗಿರಾಕಿಗಳಿಗೆ ಬೇಸರವಾದೀತೇ?

ಉತ್ತರ: ಅವರು ಮುಂಡಗೋಡಕ್ಕೆ ಬಂದು ನೆಲೆಸಿದ್ದು 1966ರಲ್ಲಿ. ಅಂದಿನಿಂದ ಅವರ ಕಾಲೊನಿಯ ಅಂಗಡಿಗಳಲ್ಲಿ ದಲೈಲಾಮಾರ ಫೋಟೊ ನೋಡಿ ನಿಮಗೆಂದಾದರೂ ಬೇಸರವಾಗಿದೆಯೇ? ಧಾರಾಳವಾಗಿ ಹಾಕಿ. ಹಳೆಯ ಬೇರಿಂಗ್ ಒರೆಸಿ ಹೊಸದೆಂದು ಬಿಲ್ ಮಾಡುವ ದಿನ ಮಾತ್ರ ಇಳಿಸಿಡಿ.