ನೋವಿನ ಮಾತ್ರೆ ಬಿಡುವಾಗ ಅವಸರ ಬೇಡ

ಬೆನ್ನುನೋವಿಗೋ ಮಂಡಿಯ ಶಸ್ತ್ರಚಿಕಿತ್ಸೆಗೋ ವೈದ್ಯರು ಹತ್ತು ದಿನಕ್ಕೆ ಬರೆದುಕೊಟ್ಟ ಮಾತ್ರೆ ಕೆಲವು ಮನೆಗಳಲ್ಲಿ ಹತ್ತು ತಿಂಗಳಾದರೂ ಮುಗಿಯುವುದಿಲ್ಲ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರಿಸಿಕೊಳ್ಳುತ್ತಾರೆ. ದಿನಕ್ಕೆ ಎರಡು ಇದ್ದದ್ದು ನಾಲ್ಕಾಗುತ್ತದೆ. ಒಂದು ದಿನ ತಪ್ಪಿದರೆ ಮೈಯೆಲ್ಲಾ ಹಿಂಡಿದಂತಾಗುತ್ತದೆ. ವಿಷಯ ಮನೆಯವರಿಗೆ ತಿಳಿದಾಗ ಸಿಟ್ಟಿನಿಂದ ಮಾತ್ರೆಗಳನ್ನೆಲ್ಲ ಕಸದ ಬುಟ್ಟಿಗೆ ಎಸೆಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಬಿಡಿಸುವ ಈ ಕ್ರಮ ಅಪಾಯಕಾರಿ.

ಯಾವ ಮಾತ್ರೆಗಳು?

ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಈ ಗುಂಪಿಗೆ ಸೇರುವುದಿಲ್ಲ. ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್, ಮಾರ್ಫಿನ್ ಇವು ಓಪಿಯಾಯ್ಡ್‌ಗಳು, ಅಂದರೆ ಅಫೀಮಿನ ಹಾಗೆ ಕೆಲಸ ಮಾಡುವ ಔಷಧಿಗಳು. ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿದ ಮಾತ್ರೆಗಳು ನಮ್ಮಲ್ಲಿ ಬಹಳ ಬಳಕೆಯಲ್ಲಿವೆ. ಆದ್ದರಿಂದ ಪಟ್ಟಿಯ ಹಿಂಬದಿಯಲ್ಲಿರುವ ಹೆಸರನ್ನು ಓದಿ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇರುತ್ತದೆ. 2018ರಲ್ಲಿ ಕೇಂದ್ರ ಸರಕಾರ ಟ್ರಮಡಾಲನ್ನು ಮಾದಕ ವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ತಂದಿದೆ. ಯುಎಇ, ಸೌದಿ ಅರೇಬಿಯಾಗಳಲ್ಲಿಯೂ ಅದರ ಮೇಲೆ ಕಟ್ಟುನಿಟ್ಟಿನ ನಿಯಂತ್ರಣವಿದೆ. ಗಲ್ಫ್‌ಗೆ ಹೊರಟವರ ಕೈಯಲ್ಲಿ ಊರಿನಿಂದ ಇಂತಹ ಮಾತ್ರೆ ಕಳುಹಿಸಬೇಡಿ. ಅಲ್ಲಿ ಅದು ಜೈಲಿಗೂ ದಾರಿಯಾಗಬಹುದು.

ದೇಹ ಯಾಕೆ ಪ್ರತಿಭಟಿಸುತ್ತದೆ?

ಈ ಔಷಧಿಗಳು ನೋವಿನ ಸಂದೇಶವನ್ನು ಕುಗ್ಗಿಸುವುದರ ಜೊತೆಗೆ ಉಸಿರಾಟ, ಕರುಳಿನ ಚಲನೆ ಮತ್ತು ನರಗಳ ಎಚ್ಚರವನ್ನೂ ನಿಧಾನಗೊಳಿಸುತ್ತವೆ. ಕೆಲವು ವಾರಗಳಲ್ಲಿ ದೇಹ ಇದಕ್ಕೆ ಒಗ್ಗಿಕೊಂಡು ತನ್ನ ಎಚ್ಚರದ ವ್ಯವಸ್ಥೆಯನ್ನು ಏರಿಸಿಕೊಳ್ಳುತ್ತದೆ. ಮಾತ್ರೆ ಒಮ್ಮೆಲೇ ನಿಂತಾಗ ಅದುಮಿಟ್ಟ ಸ್ಪ್ರಿಂಗ್ ಬಿಟ್ಟಂತೆ ಎಲ್ಲವೂ ಚಿಮ್ಮುತ್ತದೆ. ವೈದ್ಯರ ಮಾತಿನಂತೆ ನಡೆದವರಿಗೂ ಹೀಗಾಗಬಹುದು. ಇದು ಈಮಾನಿನ ಕೊರತೆಯೂ ಅಲ್ಲ, ನಾಟಕವೂ ಅಲ್ಲ.

ಸಾಮಾನ್ಯವಾಗಿ ಕೊನೆಯ ಮಾತ್ರೆಯ 8ರಿಂದ 24 ಗಂಟೆಗಳಲ್ಲಿ ಆಕಳಿಕೆ, ಕಣ್ಣು-ಮೂಗಿನಲ್ಲಿ ನೀರು, ಬೆವರು, ಚಡಪಡಿಕೆ ಆರಂಭವಾಗುತ್ತವೆ. ಎರಡು ಮೂರನೆಯ ದಿನ ವಾಂತಿ, ಭೇದಿ, ಹೊಟ್ಟೆ ಹಿಡಿತ, ಕಾಲು ಸೆಳೆತ, ರೋಮಾಂಚನ ಹೆಚ್ಚುತ್ತವೆ. ವಾರ ಹತ್ತು ದಿನಗಳಲ್ಲಿ ಬಹುಪಾಲು ತಗ್ಗುತ್ತವೆ. ನಿದ್ದೆ ಮತ್ತು ಮನಸ್ಸು ಸರಿಹೋಗಲು ಇನ್ನಷ್ಟು ವಾರಗಳು ಬೇಕು. ಟ್ರಮಡಾಲ್ ಬಿಡುವಾಗ ಕೆಲವರಿಗೆ ವಿಪರೀತ ಭಯ, ಗೊಂದಲವೂ ಕಾಣಿಸಬಹುದು.

ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ

ಮೊದಲು ವೈದ್ಯರಿಗೆ ನಿಜವಾದ ಲೆಕ್ಕ ಹೇಳಿ. ಎಷ್ಟು ಮಾತ್ರೆ, ಎಷ್ಟು ಕಾಲದಿಂದ, ಜೊತೆಗೆ ಬೇರೇನು ಎಂಬುದನ್ನು ಮುಚ್ಚಿಟ್ಟರೆ ಚಿಕಿತ್ಸೆಯ ಲೆಕ್ಕ ತಪ್ಪುತ್ತದೆ. ಕೆಲವು ತಿಂಗಳು ಮಾತ್ರ ಸೇವಿಸಿದವರಿಗೆ ವಾರಕ್ಕೆ ಶೇ. 10ರಷ್ಟು, ವರ್ಷಕ್ಕಿಂತ ಹೆಚ್ಚು ಸೇವಿಸಿದವರಿಗೆ ತಿಂಗಳಿಗೆ ಶೇ. 10ರಷ್ಟು ಅಥವಾ ಅದಕ್ಕಿಂತ ನಿಧಾನವಾಗಿ ಪ್ರಮಾಣ ಇಳಿಸುವುದು ರೂಢಿ. ಕಷ್ಟವಾದರೆ ಅದೇ ಮೆಟ್ಟಿಲಲ್ಲಿ ಸ್ವಲ್ಪ ಕಾಲ ನಿಲ್ಲಬಹುದು. ದೀರ್ಘಕಾಲ ಕೆಲಸ ಮಾಡುವ ಮಾತ್ರೆಗಳನ್ನು ಪುಡಿ ಮಾಡಿ ಅಥವಾ ತುಂಡರಿಸಿ ನುಂಗಬೇಡಿ. ಚಟ ಬಲವಾಗಿದ್ದರೆ ಬ್ಯೂಪ್ರೆನಾರ್ಫಿನ್, ಕ್ಲೋನಿಡಿನ್ ಮುಂತಾದ ಔಷಧಿಗಳನ್ನು ಮನೋವೈದ್ಯರು ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಹೆಸರು ಹೇಳಲು ಸಂಕೋಚವಿದ್ದರೆ ಮೊದಲು 14446 ಸಹಾಯವಾಣಿಗೆ ಅಥವಾ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ. ಎರಡೂ ಉಚಿತ.

ಮನೆಯಲ್ಲಿ ಗಂಜಿ, ಬಾಳೆಹಣ್ಣು, ಮಜ್ಜಿಗೆಯಂತಹ ಹಗುರವಾದ ಆಹಾರ ಕೊಡಿ. ವಾಂತಿ, ಭೇದಿ ಇದ್ದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪೊಟ್ಟಣ ಓಆರ್‌ಎಸ್ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಬಿಸಿನೀರ ಸ್ನಾನ, ಸಂಜೆಯ ನಡಿಗೆ ಕಾಲು ಸೆಳೆತಕ್ಕೆ ಹಿತ. ಸಂಜೆಯ ನಂತರ ಚಹಾ, ಕಾಫಿ ಬೇಡ. ನಿದ್ದೆ ಬರುವುದಿಲ್ಲವೆಂದು ಇನ್ನೊಬ್ಬರ ನಿದ್ದೆ ಮಾತ್ರೆಯನ್ನು ಕೊಡಲೇಬೇಡಿ. ಅದು ಓಪಿಯಾಯ್ಡ್ ಜೊತೆ ಸೇರಿದರೆ ಉಸಿರಾಟ ನಿಲ್ಲಬಹುದು.

ರಮಝಾನಿನ ನಿರ್ಧಾರ

'ನಾಳೆಯಿಂದ ಉಪವಾಸ, ಇಂದಿನಿಂದಲೇ ಮಾತ್ರೆ ಬಂದ್' ಎಂದು ಸಂಕಲ್ಪ ಮಾಡುವವರಿದ್ದಾರೆ. ಸಂಕಲ್ಪ ಮೆಚ್ಚತಕ್ಕದ್ದು. ಆದರೆ ವಾಂತಿ, ಭೇದಿಯಿಂದ ನೀರು ಕಳೆದುಕೊಳ್ಳುವ ದೇಹಕ್ಕೆ ಹಗಲಿಡೀ ನೀರಿಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ ಬಂದೀತು. ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡರೆ ಅವರು ಉಳಿದ ಪ್ರಮಾಣವನ್ನು ಸಹರಿ ಮತ್ತು ಇಫ್ತಾರ್ ಸಮಯಕ್ಕೆ ಹೊಂದಿಸಬಲ್ಲರು. ರೋಗಿಗೆ ಉಪವಾಸ ಬಿಟ್ಟು ನಂತರ ಖಝಾ ತೀರಿಸುವ ರಿಯಾಯಿತಿ ಇದೆ. ಅದನ್ನು ಬಳಸಿಕೊಳ್ಳಲು ನಾಚಿಕೆ ಬೇಡ.

ಗರ್ಭಿಣಿಯರು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು. ಮಗುವಿಗೆ ತೊಂದರೆಯಾಗಬಹುದು. ಕ್ಯಾನ್ಸರ್ ರೋಗಿಗೆ ವೈದ್ಯರು ಕೊಟ್ಟ ಮಾರ್ಫಿನ್ ಚಟವಲ್ಲ, ಚಿಕಿತ್ಸೆ. ಅಮಲು ಎಂಬ ಭಯದಿಂದ ಅದನ್ನು ತಡೆದು ಹಿರಿಯರನ್ನು ನರಳಿಸಬೇಡಿ.

ಬಿಟ್ಟ ನಂತರದ ಅಪಾಯ

ಹೆಚ್ಚಿನವರಿಗೆ ತಿಳಿಯದ ವಿಷಯ ಇದು. ಕೆಲವು ವಾರ ಬಿಟ್ಟ ನಂತರ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಆಗ ಯಾವುದೋ ನೋವಿಗೆ ಅಥವಾ ಬೇಸರಕ್ಕೆ ಮೊದಲಿನಷ್ಟೇ ಮಾತ್ರೆ ನುಂಗಿದರೆ ಅದೇ ಪ್ರಾಣಾಂತಕವಾಗಬಹುದು. ಆದ್ದರಿಂದ ಉಳಿದ ಮಾತ್ರೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕರೆದರೂ ಎಚ್ಚರವಾಗದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ. ಏನು ನುಂಗಿದ್ದಾರೆಂದು ವೈದ್ಯರಿಗೆ ಮರೆಮಾಚದೆ ಹೇಳಿ. ಇದಕ್ಕೆ ಆಸ್ಪತ್ರೆಯಲ್ಲಿ ನಲಾಕ್ಸೋನ್ ಎಂಬ ಪ್ರತಿಮದ್ದು ಇದೆ.

ಒಮ್ಮೆ ಎಡವಿದವರು ಮತ್ತೆ ಮಾತ್ರೆ ನುಂಗಿದ್ದನ್ನು ಬಯ್ಗುಳದ ಭಯದಿಂದ ಅಡಗಿಸುತ್ತಾರೆ. ಅಡಗಿಸಿದ ಆ ರಾತ್ರಿಯೇ ಅಪಾಯದ ರಾತ್ರಿ. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆ ಬಿಡುತ್ತಿದ್ದರೆ, 'ಎಡವಿದರೂ ನನಗೆ ಹೇಳು, ಒಟ್ಟಿಗೇ ಡಾಕ್ಟರ ಬಳಿ ಹೋಗೋಣ' ಎಂದು ಇಂದೇ ಹೇಳಿಬಿಡಿ.